ಎರಡು ಸೂರ್ಯರ ಲೋಕಕ್ಕೆ ನೆರಳು ಮರ

ಆಗ ನನಗೆ ಐವತ್ತೆಂಟು. ಇದಾಗಿ ಇಪ್ಪತ್ತೈದು ವರ್ಷವಾಯಿತು. ಹೆಗ್ಗದ್ದೆ ಕಡೆಯ ಎಸ್ಟೇಟಿನ ಸ್ಟೋರಿನಲ್ಲಿ ನಾವು ಆರು ಹೆಂಗಸರು ಕೂತು ಮೊರದಲ್ಲಿ ಕಾಫಿ ಬೀಜ ಆರಿಸುತ್ತಿದ್ದೆವು. ಕರಿ ಬೀಜ ಒಂದು ಕಡೆ, ಒಳ್ಳೆಯದು ಒಂದು ಕಡೆ. ನಾನು ಅಕ್ಷರ ಕಲಿತು ಎರಡೇ ವರ್ಷವಾಗಿತ್ತು, ಆದರೂ ಆರು ಜನರಲ್ಲಿ ಓದಲು ಬರುತ್ತಿದ್ದವಳು ನಾನೊಬ್ಬಳೇ. ನಾನು ಸಾಲಿಗೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಕಾದಂಬರಿ ಓದುವುದು, ನನ್ನ ಪಾಲಿನ ಬೀಜವನ್ನು ಉಳಿದ ಐವರು ಆರಿಸುವುದು, ಇದು ನಮ್ಮ ಒಪ್ಪಂದ. ಪುಸ್ತಕ ಕೊಡುತ್ತಿದ್ದವರು ನಮ್ಮ ಹಾಜರಿ, ಲೆಕ್ಕ ಬರೆಯುವ ಎಸ್ಟೇಟ್ ರೈಟರ ಹೆಂಡತಿ. ಆಕೆಗೆ ಸಂಸಾರದ ಕತೆ ಆಗದು. ಮಾಯಾಲೋಕದ್ದು, ಇಲ್ಲವೇ ಆಕಾಶದಾಚೆಯದೇ ಬೇಕು.

ಮಾಯಾಲೋಕದ್ದು ನನಗೆ ಹಿಡಿಸಲಿಲ್ಲ. ರಾಜಕುಮಾರ ಮಳೆಯಲ್ಲಿ ಏಳು ದಿನ ಕಾಡು ನಡೆದನಂತೆ, ಕಾಲಿಗೆ ರಕ್ತ ಹೀರುವ ಒಂದು ಇಂಬಳವೂ ಹತ್ತಲಿಲ್ಲವಂತೆ. ಬೆಂಕಿ ಉಗುಳುವ ಹಾವನ್ನು ಬೇಕಾದರೆ ನಂಬುತ್ತೇನೆ, ಇದನ್ನು ನಂಬುವುದಿಲ್ಲ. ಆಕಾಶದ ಕತೆ ವಾಸಿ. ಅಲ್ಲಿ ಗುಳಿಗೆ ನುಂಗಿದರೆ ಹೊಟ್ಟೆ ತುಂಬುತ್ತದೆ, ಪಾತ್ರೆ ತೊಳೆಯುವ ಕೆಲಸವಿಲ್ಲ.

ಹದಿನೈದು ದಿನದಿಂದ ಓದುತ್ತಿದ್ದ ಕತೆಯಲ್ಲಿ ಒಬ್ಬ ಎರಡು ಸೂರ್ಯರಿರುವ ಲೋಕದಲ್ಲಿ ಇಳಿದಿದ್ದ. ವಾಹನ ಕೆಟ್ಟು ಕೂತಿತ್ತು. ಅವನ ಗತಿ ಏನಾಯಿತು ಎಂಬುದೇ ನಮಗೆಲ್ಲ ಚಿಂತೆ. ಇನ್ನು ನಾಲ್ಕೇ ಹಾಳೆ ಇದ್ದಾಗ ನನ್ನ ನಾದಿನಿ ಬಾಯಿ ಹಾಕಿದಳು.

"ಎರಡು ಸೂರ್ಯ ಐತೆ ಅಂದ್ರೆ ಕಣದಲ್ಲಿ ಕಾಪಿ ಮೂರೇ ದಿನಕ್ಕೆ ಒಣಗ್ಬುಡ್ತದೆ ಕಣತ್ತಿಗೆ."

"ಮೊದ್ಲು ಗಿಡ ಉಳೀಬೇಕಲ್ಲ? ನೆರಳಿಗೆ ನಿನ್ ಸೆರಗು ಹಿಡೀತೀಯಾ?" ಎಂದೆ.

"ಕತ್ತಲೇ ಆಗಲ್ಲ ಅಂದ್ರೆ ಕೆಲ್ಸ ಬಿಡೋದ್ ಯಾವಾಗ?" ಎಂದಳು ಪಕ್ಕದ ಮನೆಯವಳು. "ನಮ್ ರೈಟರಿಗೆ ಹೇಳ್ಬ್ಯಾಡಿ, ನಾಳೆನೇ ನಮ್ಮನ್ನೆಲ್ಲ ಅಲ್ಲಿಗೆ ಸಾಗಿಸ್ಬುಡ್ತಾರೆ."

ರೈಟರು ಅವಳ ಹಿಂದೆಯೇ ನಿಂತಿದ್ದರು. ಗುಡ್ಡೆಯಿಂದ ಒಂದು ಹಿಡಿ ಎತ್ತಿ ನೋಡಿದರು. ಜಗಳದಲ್ಲಿ ಕರಿ ಬೀಜವೆಲ್ಲ ಒಳ್ಳೆಯದರ ಜೊತೆ ಬಿದ್ದಿತ್ತು.

"ನಾಳೆಯಿಂದ ಪುಸ್ತಕ ಸ್ಟೋರ್ ಒಳಗೆ ಬರಂಗಿಲ್ಲ."

"ನಾಲ್ಕೇ ಹಾಳೆ ಐತೆ ಸ್ವಾಮಿ" ಎಂದೆ.

"ನಾಲ್ಕಕ್ಷರನೂ ಬ್ಯಾಡ."

ಅವರು ಹೋದ ಮೇಲೆ ನಾದಿನಿ, "ಅವ ಸತ್ನೋ ಬದುಕಿದ್ನೋ ತಿಳೀದೆ ನಂಗೆ ಅನ್ನ ಇಳಿಯಲ್ಲ ಅತ್ತಿಗೆ" ಎಂದಳು.

"ನಿಂಗೆ ಅನ್ನ ಇಳೀದೆ ಇದ್ದಿದ್ದು ಯಾವತ್ತೇ?" ಎಂದೆ.

ಸಂಜೆ ಬೆಳಕಿರುವಾಗಲೇ ನಮ್ಮ ಕೂಲಿಮನೆ ಲೈನಿನ ಜಗಲಿಯಲ್ಲಿ ಕೂತು ಆ ನಾಲ್ಕು ಹಾಳೆ ಓದಿದೆ. ಅವನಿಗೆ ಎಚ್ಚರವಾಯಿತಂತೆ. ಎಲ್ಲ ಕನಸಂತೆ. ಹದಿನೈದು ದಿನ ನನ್ನ ಬೀಜ ಆರಿಸಿದವರಿಗೆ ಯಾವ ಮುಖ ಇಟ್ಟುಕೊಂಡು ಇದನ್ನು ಹೇಳುವುದು? ಬರೆದವನು ಎದುರಿಗಿದ್ದರೆ ಮೊರದಲ್ಲಿ ಹೊಡೆಯುತ್ತಿದ್ದೆ.

ಮಾರನೆಯ ಬೆಳಿಗ್ಗೆ ಪುಸ್ತಕವನ್ನು ರೈಟರ ಹೆಂಡತಿಗೆ ಹಿಂದಿರುಗಿಸಿ ಸ್ಟೋರಿಗೆ ಹೋದೆ. ಪುಸ್ತಕ ಬರಬಾರದು ಎಂದಿದ್ದರು, ಬಾಯಿ ಬರಬಾರದು ಎಂದಿರಲಿಲ್ಲ. ನನ್ನ ಮೊರ ನಾನೇ ಹಿಡಿದು, ಕರಿ ಬೀಜ ಹೆಕ್ಕುತ್ತಾ, ಕತೆಯ ಕೊನೆಯನ್ನು ನಾನೇ ಕಟ್ಟಿ ಹೇಳಿದೆ. ಅವನನ್ನು ಆ ಲೋಕದಲ್ಲೇ ಉಳಿಸಿಕೊಂಡೆ. ಕಾಫಿ ಹಾಕಿಸಿದೆ, ನೆರಳಿಗೆ ಸಿಲ್ವರ್ ಮರ ಎರಡೆರಡು ಸಾಲು ನೆಡಿಸಿದೆ. ಹೊಳೆಯ ದಂಡೆಗೆ ಹೋದಾಗ ಕಾಲಿಗೆ ಇಂಬಳವನ್ನೂ ಹತ್ತಿಸಿದೆ.