ಬಂಟ್ವಾಳದಿಂದ ಶಿರ್ತಾಡಿಗೆ ಸೈಕಲ್ಲಿನಲ್ಲಿ ಹೋಗುವವರಿಗೆ

ಬಂಟ್ವಾಳದಿಂದ ಸೈಕಲ್ಲು ಹತ್ತಿ ನಾಲ್ಕು ದಿನ ತಿರುಗಾಡಿ ಬರುತ್ತೇನೆ ಎನ್ನುವವರಿಗೆ ನಾನು ಹೇಳುವ ಮೊದಲ ಮಾತು, ನೆಂಟರಿಲ್ಲದ ದಾರಿ ಹಿಡಿಯಿರಿ. ಉಳಿದದ್ದೆಲ್ಲ ಸಣ್ಣ ವಿಷಯ. ಮಳೆ ಬಿಟ್ಟ ಮೇಲೆ, ಸೆಕೆ ಶುರುವಾಗುವ ಮೊದಲು ಹೊರಡಬೇಕು. ಹೊತ್ತೇರುವ ಮೊದಲೇ ಅರ್ಧ ದಾರಿ ಮುಗಿಸಬೇಕು. ಬಾಯಾರಿದರೆ ಸೋಡಾಕ್ಕಿಂತ ಉಪ್ಪು ಹಾಕಿದ ಗಂಜಿತಿಳಿ ಮೇಲು. ಏರು ಬಂದಲ್ಲಿ ನಾಚಿಕೆ ಬಿಟ್ಟು ಇಳಿದು ತಳ್ಳಬೇಕು, ಇಳಿಜಾರಿನಲ್ಲಿ ಬ್ರೇಕನ್ನು ನಂಬಬಾರದು. ಪಂಪು ಮರೆತರೂ ಚಿಂತೆಯಿಲ್ಲ, ಚಕ್ರದ ಗಾಳಿ ಹಿಡಿದಿಡುವ ಸಪೂರ ರಬ್ಬರು ನಳಿಗೆ, ವಾಲ್‌ಟ್ಯೂಬ್, ಒಂದು ಗೇಣು ಮಾತ್ರ ಕಿಸೆಯಲ್ಲಿ ಇರಲೇಬೇಕು. ಅದು ಏಕೆಂದು ಮುಂದೆ ಹೇಳುತ್ತೇನೆ.

ಈ ಜ್ಞಾನದಲ್ಲಿ ಮುಕ್ಕಾಲು ಪಾಲು ನನ್ನ ಸೋದರಮಾವನದು. ಸೈಕಲ್ಲೂ ಅವರದೇ. ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆ ಅಮ್ಮನ ಕಡೆಯದು, ಯಜಮಾನಿಕೆ ಅಮ್ಮನ ಅಣ್ಣನದು. ಅಪ್ಪ ಶಿರ್ತಾಡಿಯಲ್ಲಿ ಅವರ ತಾಯಿಯ ಮನೆಯಲ್ಲಿದ್ದರು. ತಿಂಗಳಿಗೆರಡು ಸಲ ಬಂದು, ನಾಲ್ಕು ದಿನವಿದ್ದು ಹೋಗುತ್ತಿದ್ದರು. ನನ್ನನ್ನು ಮುಂದೆ ಓದಿಸಬೇಕೆಂದು ಅವರು ಒಮ್ಮೆ ಬಾಯಿ ಬಿಟ್ಟಾಗ ಮಾವ, "ಈ ಮನೆಯ ಹುಡುಗನ ಚಿಂತೆ ನಿಮಗೆ ಬೇಡ" ಎಂದರು. ಮಾವ ಅದನ್ನು ಕೂಗಿ ಹೇಳಲಿಲ್ಲ, ಎಲೆ ಅಡಿಕೆ ಹಾಕುತ್ತ ಹೇಳಿದರು. ಅಪ್ಪ ಎದ್ದು ಹೋದವರು ನಾಲ್ಕು ವರ್ಷವಾದರೂ ಇತ್ತ ತಲೆ ಹಾಕಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಹತ್ತೊಂಬತ್ತು. ಕೊಯ್ಲು ಮುಗಿದಿತ್ತು. ಸುಮ್ಮನೆ ನಾಲ್ಕು ದಿನ ಊರು ನೋಡಿ ಬರುತ್ತೇನೆಂದು ಸೈಕಲ್ಲು ಕೇಳಿದೆ. ಮಾವ ಅಚ್ಚರಿಯಾಗುವಷ್ಟು ಸುಲಭವಾಗಿ ಒಪ್ಪಿದರು. ಮಡಂತ್ಯಾರಿನಲ್ಲಿ ದೊಡ್ಡಮ್ಮನ ಮನೆ, ಬೆಳ್ತಂಗಡಿಯಲ್ಲಿ ಚಿಕ್ಕಮ್ಮನ ಮನೆ, ಮೂಡುಬಿದಿರೆಯಲ್ಲಿ ಅವರದೇ ಗುರುತಿನವರು, ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂದು ಪಾಠ ಒಪ್ಪಿಸಿದಂತೆ ಹೇಳಿದರು. "ಶುಕ್ರವಾರ ದೀಪ ಹೊತ್ತಿಸುವ ಮೊದಲು ಸೈಕಲ್ಲು ಇಲ್ಲಿ ಇರಬೇಕು." ಶಿರ್ತಾಡಿಯ ಹೆಸರು ಅವರ ಬಾಯಿಂದ ಬರಲಿಲ್ಲ, ನನ್ನ ಬಾಯಿಂದಲೂ ಬರಲಿಲ್ಲ.

ಅಮ್ಮ ಮಾತ್ರ ಬುತ್ತಿ ಕಟ್ಟುವಾಗ ಮೆಲ್ಲಗೆ ಹೇಳಿದಳು, "ಅವರು ಬರ್ತಾರಾ ಕೇಳು ಮಗ. ನಾನು ಕೇಳಿದೆ ಅಂತಲೇ ಹೇಳು." ನಾನು ಹೊರಟದ್ದೇ ಅದಕ್ಕಾಗಿ.

ಇನ್ನು ವಾಲ್‌ಟ್ಯೂಬಿನ ಸಂಗತಿ. ನೆಂಟರು ಬೇಗ ಹೊರಡದಂತೆ ಕೊಡೆ ಅಡಗಿಸಿಡುವುದು ನಮ್ಮ ಕಡೆಯ ಹಳೆಯ ಮರ್ಯಾದೆ. ಕೊಡೆ ಸಿಗದೆ ನೆಂಟ ಪರದಾಡಬೇಕು, ಮನೆಯವರು ನಗಬೇಕು, ಅವನು ಇನ್ನೊಂದು ದಿನ ನಿಲ್ಲಬೇಕು. ಸೈಕಲ್ಲು ಬಂದ ಮೇಲೆ ಆ ಪ್ರೀತಿ ಚಕ್ರಕ್ಕೆ ತಿರುಗಿತು. ಮಡಂತ್ಯಾರಿನಲ್ಲಿ ಎರಡನೆಯ ದಿನ ಬೆಳಿಗ್ಗೆ ನೋಡಿದರೆ ಎರಡು ಚಕ್ರವೂ ನೆಲಕ್ಕೆ ಅಂಟಿತ್ತು. ವಾಲ್‌ಟ್ಯೂಬ್ ದೊಡ್ಡಮ್ಮನ ಸೆರಗಿನ ಗಂಟಿನಲ್ಲಿತ್ತು. "ಬಂದದ್ದೇ ಅಪರೂಪ. ಎಂತ ಅವಸರ ಮಾರಾಯ? ಕೋಳಿ ಕೊಯ್ಲಿಕ್ಕೆ ಉಂಟು" ಎಂದರು. ನನಗೆ ಅಳು ಬರುವುದೊಂದು ಬಾಕಿ. ಎಲ್ಲಿಗೆ ಅವಸರ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಮಾತು ನನಗಿಂತ ಮೊದಲು ಬಂಟ್ವಾಳ ಮುಟ್ಟುತ್ತಿತ್ತು. ಬೆಳ್ತಂಗಡಿಯಲ್ಲೂ ಅದೇ ಕಥೆ. ಚಿಕ್ಕಮ್ಮ ಗಾಳಿ ಬಿಟ್ಟು ಪಂಪನ್ನೇ ಅಟ್ಟಕ್ಕೆ ಹಾಕಿದ್ದಳು. ಬಡಿಸಿದ್ದನ್ನೆಲ್ಲ ತಿಂದೆ, ನಗಿಸಿದಾಗ ನಕ್ಕೆ, ಒಳಗೊಳಗೆ ಒಬ್ಬೊಬ್ಬರನ್ನೂ ಶಪಿಸಿದೆ. ಹಾಗೆ ನಾಲ್ಕು ದಿನದಲ್ಲಿ ಮೂರು ದಿನ ನೆಂಟರ ಹೊಟ್ಟೆಗೆ ಹೋಯಿತು.

ಶುಕ್ರವಾರ ಬೆಳಕು ಹರಿಯುವ ಮೊದಲೇ ಅಟ್ಟದಿಂದ ಪಂಪು ಇಳಿಸಿ, ಗಾಳಿ ತುಂಬಿಸಿಕೊಂಡು ಬೆಳ್ತಂಗಡಿ ಬಿಟ್ಟೆ. ವೇಣೂರು ದಾಟಿ, ಕೇಳಿ ಕೇಳಿ ಒಳದಾರಿ ಹಿಡಿದು, ಕೆಂಪು ಧೂಳು ಮೆತ್ತಿಕೊಂಡು ಶಿರ್ತಾಡಿ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಎದ್ದವರು ಮತ್ತೆ ಕುಳಿತರು. ಒಳಗಿನಿಂದ ಅವರ ಅಕ್ಕ, ಆ ಮನೆಯ ಯಜಮಾನ್ತಿ, ಬೆಲ್ಲ ನೀರು ತಂದಿಟ್ಟು ಹೋದರು.

"ದಾರಿಯಲ್ಲಿ ಕಷ್ಟವಾಯ್ತಾ?" ಎಂದರು ಅಪ್ಪ.

"ಇಲ್ಲ. ಅಮ್ಮ ಕೇಳಿದಳು, ನೀವು ಬರ್ತೀರಾ ಅಂತ."

ಅವರು ಹಗ್ಗದ ತುದಿಯನ್ನು ಬಿಡಲಿಲ್ಲ. "ಎಲ್ಲಿಗೆ ಬರುವುದು? ಅದು ನಿನ್ನ ಮಾವನ ಮನೆ. ಅವಳನ್ನು ಇಲ್ಲಿಗೆ ಕರೆಯುವ ಅಂದರೆ, ಇದು ನನ್ನ ಅಕ್ಕನ ಮನೆ. ನಾನು ಎರಡು ಕಡೆಯೂ ಉಣ್ಣಲಿಕ್ಕೆ ಕೂತವ." ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸುತ್ತ, "ಬರುವುದಿಲ್ಲ ಅಂತ ಹೇಳು" ಎಂದರು.

ನಾನು ಅಲ್ಲಿ ಒಂದು ರಾತ್ರಿಯಾದರೂ ನಿಲ್ಲಬೇಕೆಂದು ಹಂಬಲಿಸಿದ್ದೆ. ಇಲ್ಲಿ ಯಾರಾದರೂ ಗಾಳಿ ಬಿಡಬಾರದೇ ಎಂದು ಸೈಕಲ್ಲಿನ ಕಡೆ ನೋಡುತ್ತಿದ್ದೆ. ಆದರೆ ಊಟವಾದ ಮೇಲೆ ಅಪ್ಪನೇ ಚೈನಿಗೆ ಎಣ್ಣೆ ಬಿಟ್ಟರು. ಮೂಡುಬಿದಿರೆಯ ಆಚೆ ಸಿದ್ಧಕಟ್ಟೆಯ ತನಕ ಎಲ್ಲೆಲ್ಲಿ ಏರು, ಎಲ್ಲಿ ನೀರು ಸಿಗುತ್ತದೆ ಎಂದು ಹೇಳಿಕೊಟ್ಟರು. "ತಡವಾದರೆ ಬೈಗುಳ ನಿನ್ನ ಅಮ್ಮನಿಗೆ. ಹೊರಡು" ಎಂದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಗದ್ದೆಯ ಬದು ದಾಟುವವರೆಗೂ ಹಿಂತಿರುಗಿ ನೋಡಲಿಲ್ಲ.

ದೀಪ ಹೊತ್ತಿಸುವ ಮೊದಲೇ ಮನೆ ಸೇರಿದೆ. ಮಾವ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ದಾರಿ ಹೇಗಿತ್ತು ಎಂದು ಕೇಳಿ, ಜಗಲಿಗೆ ಹೋದರು. ಅಮ್ಮ ಬಚ್ಚಲಿನಲ್ಲಿ ನನಗಾಗಿ ನೀರು ಕಾಯಿಸುತ್ತಿದ್ದಳು. ಒಲೆಗೆ ಸೌದೆ ದೂಡುವ ನೆವದಲ್ಲಿ ಬಗ್ಗಿದವಳು ಮುಖ ಎತ್ತದೆಯೇ, "ಏನಂದರು?" ಎಂದಳು. ದಾರಿಯುದ್ದಕ್ಕೂ ಸತ್ಯ ಹೇಳುವ ಮಾತನ್ನೇ ಹೊಂದಿಸಿಕೊಂಡು ಬಂದಿದ್ದೆ.

"ಬರ್ತಾರಂತೆ. ಕೆಲಸ ಮುಗಿದ ಮೇಲೆ."

ಮರುದಿನದಿಂದ ಸಂಜೆಯ ಬಸ್ಸಿನ ಹೊತ್ತಿಗೆ ಅಮ್ಮ ತಲೆ ಬಾಚಿಕೊಂಡು ಅಂಗಳಕ್ಕೆ ಬರತೊಡಗಿದಳು. ಬಾಯಿ ಬಿಟ್ಟರೆ ಅವಳ ಜೀವ ಹೋಗುತ್ತದೆ, ಬಿಡದಿದ್ದರೆ ನನ್ನದು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಆ ಹೊತ್ತಿಗೆ ಮನೆಯಲ್ಲಿ ಇರಲಾರದೆ ನಾನು ಏನಾದರೊಂದು ಕೆಲಸ ಹುಡುಕಿ ಪೇಟೆಗೆ ಹೋಗಿಬಿಡುತ್ತಿದ್ದೆ.

ಎರಡು ವರ್ಷ ಕಳೆದು ಶಿರ್ತಾಡಿಯಿಂದ ಅಪ್ಪ ತೀರಿಕೊಂಡ ಸುದ್ದಿ ಬಂತು. ಅಮ್ಮ ಅಳುವುದನ್ನು ನಿಲ್ಲಿಸಿ, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಬರ್ತೇನೆ ಅಂತ ಅವರು ಹೇಳಿದ್ದು ಹೌದಲ್ಲ ಮಗ?"

ಹೌದು ಎಂದೆ.