ಮೆಚ್ಚುಗೆ ನುಂಗಿದ ಚನ್ನಪ್ಪ ಕಾಕಾ

ಮಗಳು ಗಾಲ್ಫ್ ಚೆಂಡು ಹೊಡೆಯುವಾಗಲೆಲ್ಲ ಚನ್ನಪ್ಪ ಕಾಕಾ ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ‘ಶಹಬ್ಬಾಸ್’ ಜಾರಿಬಿಟ್ಟೀತೆಂಬ ಭಯ. ಹುಬ್ಬಳ್ಳಿ ಬೆಂಗೇರಿಯ ಈ ಹತ್ತಿ ವ್ಯಾಪಾರಿ ನನ್ನ ನೆರೆಯವರು. ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ನಗೆ. ಮಗಳ ಎದುರು ಮಾತ್ರ ಆ ನಗೆ ಕಾಣುತ್ತಿರಲಿಲ್ಲ.

ಕೊರಿಯಾದ ಹೆಣ್ಣುಮಕ್ಕಳು ಗಾಲ್ಫಿನಲ್ಲಿ ಗೆಲ್ಲುವುದನ್ನು ಟಿವಿಯಲ್ಲಿ ಕಂಡು, ಸಮಾಜಶಾಸ್ತ್ರದ ಸಂಶೋಧನೆಯಿಂದ ನಿವೃತ್ತನಾಗಿದ್ದ ನನ್ನಲ್ಲಿಗೆ ಬಂದರು. “ಸರ್, ಆ ಹುಡುಗ್ಯಾರ ಹಿಂದ ಏನೈತಿ, ಖರೇ ಹೇಳ್ರಿ. ನಮ್ಮ ಶೈಲಾನ ಕೈಯಾಗೂ ಅಷ್ಟ ಜೋರ್ ಐತಿ.” ಓದಿದ್ದನ್ನು ಹೇಳಿದೆ: ಉದ್ಯೋಗ ಬಿಟ್ಟು ಮಗಳೊಡನೆ ಅಲೆಯುವ ತಂದೆಯರು, ಹೆತ್ತವರ ಋಣವೆಂಬ ಸಂಸ್ಕಾರ, ಸುಲಭಕ್ಕೆ ಹೊಗಳದ ಶಿಸ್ತು, ಒಬ್ಬಳ ಗೆಲುವು ಕಂಡು ಜೊತೆಯಾಗಿ ಆಡುತ್ತ ಬೆಳೆದ ಒಂದು ತಲೆಮಾರಿನ ಗೆಳತಿಯರು. ಕಡೆಯದೇ ಮುಖ್ಯವೆಂದು ಒತ್ತಿ ಹೇಳಿದೆ. ಆದರೆ ಬೆಂಗೇರಿಯಲ್ಲಿ ಅಂಥ ಗೆಳತಿಯರನ್ನು ತರುವುದೆಲ್ಲಿಂದ? ಕಾಕಾ ಹೊಗಳದಿರುವುದನ್ನು ಆರಿಸಿಕೊಂಡರು.

ಹತ್ತಿ ತುಂಬುವ ಗೋಣಿತಟ್ಟು ಹೊಲಿದು ಅಂಗಳದಲ್ಲಿ ಪರದೆ ಕಟ್ಟಿದರು. ಶೈಲಾ ಒಬ್ಬಳೇ ಅದಕ್ಕೆ ಗುರಿಯಿಟ್ಟು ಹೊಡೆಯುತ್ತಿದ್ದಳು. ಚೆಂಡು ನಟ್ಟನಡುವೆ ಬಡಿದರೂ “ಇನ್ನೊಂದ್ ಹೊಡಿ”, ತಪ್ಪಿದರೂ “ಇನ್ನೊಂದ್ ಹೊಡಿ”. ಬಳಿಕ ನನ್ನ ಕಟ್ಟೆಗೆ ಬಂದು, “ಏನ್ ಹೊಡೀತಾಳ್ರಿ ಸರ್! ಬಂಗಾರದಂಥಾ ಕೈ!” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಅದನ್ನ ಆಕಿ ಮುಂದ ಹೇಳ್ರಲಾ.”

“ಗೆದ್ದ ದಿನಾ ಹೇಳ್ತೇನ್ರಿ. ಎಲ್ಲಾ ಕೂಡಿಟ್ಟೇನಿ.”

ಬೆಂಗಳೂರಿನ ಪಂದ್ಯವೊಂದರಲ್ಲಿ ಶೈಲಾ ಎರಡನೆಯವಳಾದಳು. ಹುಬ್ಬಳ್ಳಿಯವರೆಗೂ ರೈಲಿನಲ್ಲಿ ತಂದೆ ತುಟಿ ಬಿಚ್ಚಲಿಲ್ಲ. ಮರುದಿನ ಅವಳೇ ಪರದೆ ಬಿಚ್ಚಿ ಮಡಚಿಟ್ಟು, “ಸಾಕಾತಪಾ,” ಎಂದಳಂತೆ. ಅದು ಪರದೆ ಕಟ್ಟಿದ ಎರಡನೆಯ ವರ್ಷವೆಂದು ಕಾಕಾ, ಮೂರನೆಯದೆಂದು ಶೈಲಾ. ಇಬ್ಬರನ್ನೂ ಬೇರೆಬೇರೆಯಾಗಿ ಕೇಳಬೇಕಾಯಿತು. ಒಂದೇ ಮನೆಯಲ್ಲಿದ್ದರೂ ಅವರು ಒಟ್ಟಿಗೆ ಕೂರುವುದು ನಿಂತುಹೋಗಿತ್ತು. ಅದೇ ವಾರ ಓಣಿಯಲ್ಲಿ ನಡೆದ ಮದುವೆಯ ದಿನದೊಡನೆ ತಾಳೆ ನೋಡಿದೆ. ಶೈಲಾಳ ಲೆಕ್ಕವೇ ಸರಿ.

ಕಳೆದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಅದಕ್ಕೆ ಮುಂಚಿನ ಸೋಮವಾರ (ಭಾನುವಾರವೆಂದು ನೆನಪಿತ್ತು, ಪಂಚಾಂಗ ನೋಡಿ ತಿದ್ದಿಕೊಂಡಿದ್ದೇನೆ) ಕಟ್ಟೆಗೆ ಬಂದು ಕೂತರು. ಅವರ ಮನೆಯಿಂದ ಶೈಲಾ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

“ಸರ್, ಆ ದೇಶದಾಗ, ಹುಡುಗಿ ಆಟಾ ಬಿಟ್ಟ ಮ್ಯಾಲೆ, ಅಪ್ಪ ಮಗಳು ಕೂತು ಏನ್ ಮಾತಾಡ್ತಾರ್ರಿ?”

ಗೆಲುವಿನ ಕಾರಣಗಳನ್ನು ಬರೆದವರು ಅನೇಕರು. ಇದನ್ನು ಬರೆದವರನ್ನು ನಾನು ಕಂಡಿರಲಿಲ್ಲ. “ಹುಡುಕಿ ಹೇಳ್ತೇನ್ರಿ,” ಎಂದೆ.

“ಲಗೂ ನೋಡ್ರಿ, ಸರ್,” ಎಂದು ಎದ್ದು, ಮನೆಯ ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ ಹೊರಗೇ ನಿಂತರು.