ಗಿರಿಜಾ ನಡೆದು ಬರುವ ನಾಲ್ಕು ನಿಮಿಷ

ಗಣಕಯಂತ್ರದ ಪರದೆಯ ಮೇಲೆ ‘ಉಳಿದಿರುವ ಸಮಯ’ ಎಂದು ತೋರಿಸುವ ಅಂಕಿಯಷ್ಟು ನಿರ್ಲಜ್ಜವಾಗಿ ಸುಳ್ಳು ಹೇಳುವ ಇನ್ನೊಂದನ್ನು ನಾನು ಕಂಡಿಲ್ಲ. ಎರಡು ತಾಸು ಎನ್ನುತ್ತದೆ. ನೀವು ನಂಬಿ ಒಂದು ಕಪ್ ಚಹಾ ಕುಡಿದು ಬರುವಷ್ಟರಲ್ಲಿ ಒಂಬತ್ತು ತಾಸು ಎನ್ನುತ್ತದೆ. ಆಮೇಲೆ ತನ್ನ ಅತಿರೇಕಕ್ಕೆ ತಾನೇ ನಾಚಿದಂತೆ ನಲವತ್ತು ನಿಮಿಷಕ್ಕಿಳಿದು, ಮಧ್ಯಾಹ್ನವೆಲ್ಲ ಅಲ್ಲಿಯೇ ಕೂತುಬಿಡುತ್ತದೆ. ‘ಈಗ ಹೊಂಟ್ವಿ’ ಎಂದು ಫೋನಿನಲ್ಲಿ ಹೇಳಿ ಇನ್ನೂ ಸ್ನಾನಕ್ಕೆ ನೀರು ಕಾಯಿಸುತ್ತಿರುವ ಬೀಗರನ್ನು ಬಲ್ಲವನಾದ್ದರಿಂದ ನಾನದನ್ನು ಎಂದೋ ಕ್ಷಮಿಸಿದ್ದೇನೆ.

ಆ ಯಂತ್ರವನ್ನು ನಾನು ಹುಬ್ಬಳ್ಳಿಯಿಂದ ಸೆಕೆಂಡ್‌ಹ್ಯಾಂಡ್ ಆಗಿ ನಮ್ಮ ಯರಗುಪ್ಪಿಗೆ ತಂದಿದ್ದೆ. ಪ್ರಾಥಮಿಕ ಶಾಲೆಯ ಮಾಸ್ತರನಾದ ನನಗೆ ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ಬೇಕು ಎಂಬುದು ಮನೆಯಲ್ಲಿ ಕೊಟ್ಟ ಕಾರಣ. ಅದರಲ್ಲಿ ಇಸ್ಪೀಟು ಆಡಬಹುದು ಎಂಬುದು ನಿಜವಾದ ಕಾರಣ. ಅವ್ವ ಮೊದಲ ದಿನವೇ ಅದರ ಹಣೆಗೆ ವಿಭೂತಿ ಹಚ್ಚಿದಳು. ಕಾದು ಬಂದ್ ಬೀಳದಿರಲೆಂದು ನಾನು ಒಂದು ಬದಿಯ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದ ಮೇಲೆ, ಎರೆಹೊಲದ ಧೂಳಿಗೆ ಒಳಗೆ ಹೋಗಲು ರಾಜಮಾರ್ಗವೇ ಸಿಕ್ಕಿತು. ಇಷ್ಟಾದರೂ ಊರಲ್ಲಿ ನಾನು ಕಂಪ್ಯೂಟರ್ ಪಂಡಿತನೆಂಬ ಕೀರ್ತಿ ಹಬ್ಬಿತ್ತು. ಅಲ್ಪಜ್ಞಾನಿಗೆ ಇಷ್ಟು ಮರ್ಯಾದೆ ಪಟ್ಟಣದಲ್ಲಿ ಸಿಗುವುದಿಲ್ಲ.

ಆ ಕೀರ್ತಿಯನ್ನು ನಂಬಿಯೇ ಬಸಪ್ಪ ಕಾಕಾ ಒಂದು ಮುಂಜಾನೆ ಡಿವಿಡಿಯೊಂದನ್ನು ತಂದುಕೊಟ್ಟ. ನನ್ನ ತಂಗಿ ಗಿರಿಜಾಳಿಗೆ ಆತ ಕಲಘಟಗಿ ಕಡೆಯ ತಂಬೂರು ಎಂಬ ಊರಿನ ಸಂಬಂಧವೊಂದನ್ನು ಹುಡುಕಿದ್ದ. ಹೆಣ್ಣು ನೋಡಲು ಬರುವ ಮೊದಲು, ಆಕೆ ಓಡಾಡಿದ ಯಾವುದಾದರೂ ಮದುವೆಯ ವಿಡಿಯೊ ತರಿಸಿ ನೋಡುವ ಹೊಸ ಪದ್ಧತಿಯೊಂದು ಆಗ ನಮ್ಮ ಕಡೆ ಶುರುವಾಗಿತ್ತು. ಫೋಟೊ ತೆಗೆಯುವ ಕ್ಷಣಕ್ಕೆ ಯಾರಾದರೂ ಸೌಮ್ಯಮುಖ ಧರಿಸಬಹುದು, ಎರಡೂವರೆ ತಾಸು ಧರಿಸಿರಲಾಗದು ಎಂಬುದು ಹಿರಿಯರ ತರ್ಕ. ಕಾಕಾ ತಂದದ್ದು ಕುಬಿಹಾಳದ ಸೋದರಮಾವನ ಮಗಳ ಮದುವೆಯ ಡಿವಿಡಿ. ಆದರೆ ತಂಬೂರಿನವರ ಹಳೆಯ ಪ್ಲೇಯರ್ ಓದುತ್ತಿದ್ದುದು ವಿಸಿಡಿಯನ್ನು ಮಾತ್ರ. ಡಿವಿಡಿಯಲ್ಲಿ ಇಡೀ ಮದುವೆ ಹಿಡಿಸುತ್ತದೆ. ವಿಸಿಡಿಯಲ್ಲಿ ಒಂದೂಕಾಲು ತಾಸು. ಎರಡು ಡಿಸ್ಕು ಮಾಡೋಣವೆಂದರೆ ಒಂದಕ್ಕೇ ನನ್ನ ಯಂತ್ರಕ್ಕೆ ಆರು ತಾಸು ಬೇಕು, ಅಷ್ಟು ಹೊತ್ತು ನಮ್ಮೂರಲ್ಲಿ ಕರೆಂಟು ನಿಲ್ಲುವುದೇ ಅಪರೂಪ, ಕಾಕಾನೋ ಆ ವಾರದಲ್ಲೇ ಮುಟ್ಟಿಸುವುದಾಗಿ ಮಾತು ಕೊಟ್ಟಿದ್ದ. ಅರ್ಧ ಮದುವೆಯನ್ನು ಕತ್ತರಿಸುವ ಅಧಿಕಾರ ಹೀಗೆ ನನ್ನ ಕೈಗೆ ಬಂತು.

ಗಿರಿಜಾಳಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲು ಸೊರಗಿದೆ, ಓಲಾಡುತ್ತ ನಡೆಯುತ್ತಾಳೆ. ಮೊದಲು ಮೂರು ಊರಿನವರು ಬಂದು ನೋಡಿ ಹೋಗಿದ್ದರು. ಅಡಿಗೆಮನೆಯ ಬಾಗಿಲಿನಿಂದ ಪಡಸಾಲೆಯ ಜಮಖಾನೆಯವರೆಗೆ ಎಂಟು ಹೆಜ್ಜೆ. ಮೊದಲ ಹೆಜ್ಜೆಗೆ ನಗುತ್ತಿದ್ದವರ ಕಣ್ಣು ಎರಡನೆಯದಕ್ಕೆ ಅವಳ ಕಾಲಿಗಿಳಿದು, ಮಾತು ಗಪ್ಪನೆ ನಿಂತು, ಉಳಿದ ಆರು ಹೆಜ್ಜೆಗಳನ್ನು ಅವಳು ಆ ಮೌನದೊಳಗೆ ಚಹಾದ ತಾಟು ಹಿಡಿದು ನಡೆಯಬೇಕಾಗುತ್ತಿತ್ತು. “ಊರಿಗೆ ಹೋಗಿ ಹೇಳಿ ಕಳಸ್ತೇವ್ರಿ” ಎಂದವರು ಏನನ್ನೂ ಹೇಳಿ ಕಳಿಸಲಿಲ್ಲ. ಅದಕ್ಕೇ ಈ ಸಲ ಕಾಕಾ ಕಾಲಿನ ಸುದ್ದಿಯನ್ನೇ ತೆಗೆದಿರಲಿಲ್ಲ. “ಮೊದ್ಲ ಹುಡುಗಿ ಮನಸಿಗೆ ಬರ್ಲಿ, ಆಮ್ಯಾಲ ಹೇಳೂಣು” ಎಂಬುದು ಅವನ ರಾಜನೀತಿ.

ನಾನು ಆ ರಾಜನೀತಿಯ ನಿಷ್ಠಾವಂತ ಗುಮಾಸ್ತನಾದೆ. ಗಿರಿಜಾ ರಂಗೋಲಿ ಹಾಕುವುದು, ಹೂ ಕಟ್ಟುವುದು, ಮದುಮಗಳ ಬಾಜೂ ಕೂತು ಬಾಯಿಗೆ ಸೆರಗು ಹಿಡಿದು ನಗುವುದು, ಇವನ್ನೆಲ್ಲ ಆರಿಸಿಕೊಂಡೆ. ಕುಂಬಾರರ ಮನೆಯಿಂದ ಮದುವೆಯ ಶಾಸ್ತ್ರದ ಐರಾಣಿ ಗಡಿಗೆ ತರುವ ಮೆರವಣಿಗೆಯಲ್ಲಿ, ತಲೆಯ ಮೇಲೊಂದು ಗಡಿಗೆ ಹೊತ್ತು ಎಲ್ಲ ಹೆಂಗಸರಿಗಿಂತ ಮುಂದೆ ಅವಳು ನಡೆದು ಬರುವ ನಾಲ್ಕು ನಿಮಿಷವನ್ನು ತೆಗೆದುಹಾಕಿದೆ. ಆಮೇಲೆ ಯಂತ್ರಕ್ಕೆ ಕೈಮುಗಿದು ಚಾಲೂ ಮಾಡಿದೆ. ಮೊದಲ ದಿನ ಶೇಕಡಾ ತೊಂಬತ್ತಕ್ಕೆ ಬಂದಾಗ ಕರೆಂಟು ಹೋಯಿತು, ಎರಡನೆಯ ದಿನ ಅರ್ಧಕ್ಕೆ. ಕಾಕಾ ಹೊಲದ ಕೆಲಸ ಬಿಟ್ಟು ತಾಸಿಗೊಮ್ಮೆ ಬಂದು “ಎಷ್ಟಾತಲೇ?” ಎಂದು ಇಣುಕುತ್ತಿದ್ದ. ಮೂರನೆಯ ದಿನ ಡಿಸ್ಕು ಹೊರಬಿದ್ದಾಗ ಅವ್ವ ಎಲ್ಲರಿಗೂ ಸಕ್ಕರೆ ಹಂಚಿದಳು.

ಗಿರಿಜಾ ಮಾತ್ರ ಸಕ್ಕರೆಯನ್ನು ಕೈಯಲ್ಲೇ ಹಿಡಿದು ಡಿಸ್ಕನ್ನು ಪೂರ್ತಿ ನೋಡಿದಳು.

“ಅಣ್ಣಾ, ನಾ ಗಡಿಗಿ ಹೊತ್ತು ಬರೋದು ಎಲ್ಲಿ ಹೋತು?”

ಜಾಗ ಸಾಲಲಿಲ್ಲವೆಂದೆ. ತಾಂತ್ರಿಕ ವಿಷಯ ಆಕೆಗೆ ತಿಳಿಯದೆಂಬ ಧೈರ್ಯ ನನ್ನದು.

“ಮಂದಿ ಊಟ ಮಾಡೋದು ಇಪ್ಪತ್ತು ನಿಮಿಷ ಹಾಕೀಯಲ್ಲ?” ಎಂದಳು. ನಾನು ಫ್ಯಾನಿನ ಕಡೆ ನೋಡಿದೆ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. “ಅವ್ರು ಬಂದು ಕುಂತಾಗ ನಾ ನಡಕೊಂತನ ಹೊರಗ ಬರಬೇಕಲ್ಲ. ನನ್ನ ಮುಂದ ಕುಂತು ನೋಡೂ ಬದ್ಲಿ ಅವ್ರ ಮನ್ಯಾಗ ಕುಂತು ನೋಡ್ಲಿ. ಬ್ಯಾಡ ಅನಿಸಿದ್ರ ಅಲ್ಲೇ ಟಿವಿ ಬಂದ್ ಮಾಡ್ಲಿ. ನಾಕನೇ ಸಲ ನನ್ನಿಂದ ಆಗೂದಿಲ್ಲಣ್ಣಾ.”

ನನಗೆ ನಾಚಿಕೆಯಾಯಿತು. ತಂಗಿಯ ಮೇಲಿನ ಮಮತೆಯೆಂದು ನಾನು ತಿಳಿದದ್ದರಲ್ಲಿ ಅರ್ಧದಷ್ಟು ನನ್ನದೇ ಅಳುಕಾಗಿತ್ತು. ಊಟದ ಪಂಕ್ತಿಯನ್ನು ಕಿತ್ತೊಗೆದು, ಗಡಿಗೆಯ ನಾಲ್ಕು ನಿಮಿಷ ಸೇರಿಸಿ, ಮರುದಿನ ಮತ್ತೆ ಆರು ತಾಸಿನ ತಪಸ್ಸಿಗೆ ಕೂತೆ. ಕಾಕಾ ಹೌಹಾರಿದ. “ಅಗದಿ ಕೈಯಾರ ಕೆಡಿಸಿಕೊಂಡ್ರಿ ನೀವು” ಎಂದು ಗೊಣಗುತ್ತಲೇ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಹತ್ತು ದಿನ ತಂಬೂರಿನಿಂದ ಸುದ್ದಿಯಿಲ್ಲ. ಅವ್ವ ಕೇಳುವುದನ್ನೇ ಬಿಟ್ಟಳು. ಗಿರಿಜಾ ಎಂದಿನಂತೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು, ಫೋನು ರಿಂಗಾದಾಗ ಮಾತ್ರ ಗಾಲಿ ನಿಲ್ಲುತ್ತಿತ್ತು. ಹನ್ನೊಂದನೆಯ ದಿನ ಕಾಕಾ ಓಡುತ್ತ ಬಂದ: “ನಾಳಿ ಬರ್ತಾರಂತ!”

ಬಂದರು; ಹುಡುಗ, ಅವನ ಸೋದರಮಾವ, ತಾಯಿ. ಮಳೆ, ಕಡಲೆ ಬೆಳೆ, ಬಸ್ಸಿನ ತೊಂದರೆಗಳ ಮಾತು ನಡೆದಿದ್ದಾಗ ಗಿರಿಜಾ ಅಡಿಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡಳು. ನಾನು ಜಮಖಾನೆಯ ಅಂಚು ನೋಡುತ್ತ ಹೆಜ್ಜೆ ಎಣಿಸತೊಡಗಿದೆ. ಒಂದು. ಎರಡು. ಮಾತು ನಿಲ್ಲಲಿಲ್ಲ. ಸೋದರಮಾವ ಬಸ್ಸನ್ನು ಬೈಯುತ್ತಲೇ ಇದ್ದ. ತಲೆಯೆತ್ತಿದೆ. ಹುಡುಗ ಅವಳ ಮುಖ ನೋಡುತ್ತಿದ್ದ, ಕಾಲನ್ನಲ್ಲ. ಐದನೆಯ ಹೆಜ್ಜೆಗೆ ಅವನ ತಾಯಿ ಕೂತಲ್ಲಿಂದಲೇ ಕೂಗಿದಳು:

“ಯಾಕವಾ, ಗಡಿಗಿ ಹೊತ್ತಾಗ ಏನ್ ಜೋರ ನಡೀತಿದ್ದಿ, ಇವತ್ಯಾಕ ಇಷ್ಟ ಸಾವಕಾಶ?”

ಗಿರಿಜಾ ಅರೆಕ್ಷಣ ನಿಂತಳು. ಆಮೇಲೆ ನಕ್ಕಳು.

“ಅವಾಗ ಕೈಯಾಗ ನಿಮ್ಮ ಚಾ ಇರ್ಲಿಲ್ರಿ.”